ಮೊದಲ ಸಲ ಉಪವಾಸ ಇರುವ ಕ್ರೈಸ್ತರಿಗೆ: ಹೇಗೆ ಶುರು ಮಾಡುವುದು, ಹೇಗೆ ಮುಗಿಸುವುದು

ಉಪವಾಸ ಅಂದ ತಕ್ಷಣ ಜನ ಕೇಳುವ ಮೊದಲ ಪ್ರಶ್ನೆ, ಕಾಫಿ ಕುಡಿಯಬಹುದಾ? ಆಮೇಲೆ ಬಿಪಿ ಮಾತ್ರೆ ನುಂಗಿದರೆ ಉಪವಾಸ ಮುರಿದ ಹಾಗಾ, ಎಷ್ಟು ಗಂಟೆಗೆ ಬಿಡಬೇಕು. ಕೇಳಬೇಕಾದ ಪ್ರಶ್ನೆಗಳೇ ಇವು, ಉತ್ತರ ಮುಂದೆ ಕೊಡುತ್ತೇನೆ. ಆದರೆ ಇವಕ್ಕಿಂತ ಮುಂಚೆ ಇನ್ನೆರಡು ಪ್ರಶ್ನೆಗಳಿವೆ. ಊಟ ಬಿಟ್ಟಾಗ ಉಳಿಯುವ ಹೊತ್ತು ಎಲ್ಲಿಗೆ ಹೋಗುತ್ತದೆ? ಊಟ ಬಿಟ್ಟಾಗ ಉಳಿಯುವ ದುಡ್ಡು ಯಾರ ಕೈಗೆ ಹೋಗುತ್ತದೆ? ಇವಕ್ಕೆ ನಿಮ್ಮ ಹತ್ತಿರ ಉತ್ತರ ಇಲ್ಲ ಅಂದರೆ ಆ ದಿನ ನೀವು ಸುಮ್ನೆ ಹಸಿದುಕೊಂಡಿರುತ್ತೀರಿ, ಅಷ್ಟೇ.

ಮತ್ತಾಯ 6ನೇ ಅಧ್ಯಾಯ ತೆಗೆದು ನೋಡಿ. ಯೇಸುಸ್ವಾಮಿ ಮೊದಲು ದಾನದ ಬಗ್ಗೆ ಹೇಳುತ್ತಾರೆ, ಆಮೇಲೆ ಪ್ರಾರ್ಥನೆ, ಅದಾದ ಮೇಲೆ ಉಪವಾಸ. ಮೂರೂ ಒಂದರ ಹಿಂದೆ ಒಂದು ಬರುತ್ತವೆ. ನಾವು ಮೂರನೆಯದನ್ನು ಮಾತ್ರ ಬಿಡಿಸಿಕೊಂಡು ಬಂದು ಹೊಟ್ಟೆ ಖಾಲಿ ಇಟ್ಟುಕೊಂಡರೆ ಕೆಲಸ ಆಯ್ತು ಅಂದುಕೊಳ್ಳುತ್ತೇವೆ. ಯೆಶಾಯ 58 ಇನ್ನೂ ನೇರ. ಅಲ್ಲಿ ಜನ ದೇವರ ಮೇಲೆ ದೂರು ಹೇಳುತ್ತಾರೆ, ನಾವು ಉಪವಾಸ ಇದ್ದೆವು, ನೀನು ನೋಡಲೇ ಇಲ್ಲ ಅಂತ. ದೇವರ ಉತ್ತರ: ಉಪವಾಸದ ದಿನವೇ ನಿಮ್ಮ ಕೆಲಸದವರನ್ನು ದುಡಿಸಿ ಹಿಂಡುತ್ತೀರಿ, ಜಗಳ ಆಡುತ್ತೀರಿ, ಕೈ ಎತ್ತುತ್ತೀರಿ, ನನಗೆ ಬೇಕಾದ ಉಪವಾಸ ಅಂದರೆ ಹಸಿದವರಿಗೆ ನಿಮ್ಮ ರೊಟ್ಟಿ ಮುರಿದು ಕೊಡುವುದು. ಮೊದಲ ಸಲ ಉಪವಾಸಕ್ಕೆ ಕೂರುವವರು ಹಿಂದಿನ ರಾತ್ರಿ ಈ ಅಧ್ಯಾಯ ಪೂರ್ತಿ ಓದಿಕೊಳ್ಳಿ. 14 ವಚನ ಅಷ್ಟೇ.

ಇದು ಹರಕೆ ಅಲ್ಲ

ವೀಸಾ ಆಗಲಿ, ಮಗಳಿಗೆ ಗಂಡು ಸಿಗಲಿ, ಕೆಲಸ ಪರ್ಮನೆಂಟ್ ಆಗಲಿ ಅಂತ ಉಪವಾಸ ಹಿಡಿಯುವವರು ತುಂಬಾ ಜನ. ಕಷ್ಟ ಬಂದಾಗ ಉಪವಾಸ ಮಾಡಿ ಬೇಡಿಕೊಳ್ಳುವುದು ತಪ್ಪಲ್ಲ. ಎಸ್ತೇರ್ ರಾಣಿ ತನ್ನ ಜನರ ಪ್ರಾಣಕ್ಕಾಗಿ ಮೂರು ದಿನ ಮಾಡಿದಳು, ನಿನೆವೆ ಪಟ್ಟಣ ಪೂರ್ತಿ ಮಾಡಿತು. ಆದರೆ ಇಷ್ಟು ದಿನ ಊಟ ಬಿಟ್ಟರೆ ದೇವರು ಇಷ್ಟು ಕೊಡಲೇಬೇಕು ಅನ್ನುವ ಲೆಕ್ಕ ಸತ್ಯವೇದದಲ್ಲಿ ಎಲ್ಲೂ ಇಲ್ಲ. 2 ಸಮುವೇಲ 12ರಲ್ಲಿ ದಾವೀದ ತನ್ನ ಕೂಸು ಬದುಕಲಿ ಅಂತ ಏನೂ ತಿನ್ನದೆ ನೆಲದ ಮೇಲೆ ಬಿದ್ದುಕೊಂಡು ಬೇಡುತ್ತಾನೆ. ಏಳನೇ ದಿನ ಕೂಸು ತೀರಿಕೊಳ್ಳುತ್ತದೆ. ಹೇಳಿದರೆ ರಾಜ ಏನು ಮಾಡಿಕೊಳ್ಳುತ್ತಾನೋ ಅಂತ ಸೇವಕರಿಗೆ ಭಯ. ವಿಷಯ ತಿಳಿದ ದಾವೀದ ಎದ್ದು ಸ್ನಾನ ಮಾಡಿ, ಎಣ್ಣೆ ಹಚ್ಚಿಕೊಂಡು, ಬಟ್ಟೆ ಬದಲಿಸಿ, ಮೊದಲು ದೇವರ ಮನೆಗೆ ಹೋಗಿ ಆರಾಧಿಸುತ್ತಾನೆ, ಆಮೇಲೆ ಬಂದು ಊಟ ಕೇಳುತ್ತಾನೆ. ಕೇಳಿದ್ದು ಸಿಗಲಿಲ್ಲ, ಆದರೂ ಹೋಗಿದ್ದು ದೇವರ ಹತ್ತಿರವೇ. ಉಪವಾಸ ಮಾಡಿಯೂ ಆಸ್ಪತ್ರೆಯಲ್ಲಿ ತಮ್ಮವರನ್ನು ಕಳೆದುಕೊಂಡವರಿಗೆ, ನಿಮ್ಮ ನಂಬಿಕೆ ಸಾಲದಾಯ್ತು ಅಂತ ಯಾರಾದರೂ ಹೇಳಿದ್ದರೆ, ದಯವಿಟ್ಟು ಈ ಅಧ್ಯಾಯ ಓದಿ. ಅಂಥ ಮಾತು ಹೇಳುವ ಹಕ್ಕು ಯಾರಿಗೂ ಇಲ್ಲ.

ಇನ್ನೊಂದು ವಿಷಯ. ನಮಗೆ ಮಡಿ-ಮೈಲಿಗೆಯ ಲೆಕ್ಕ ಇಲ್ಲ. ಅನ್ನ ಕೆಟ್ಟದ್ದು, ದೇಹ ಕೆಟ್ಟದ್ದು ಅಂತ ಬಿಡುವುದಲ್ಲ. ಊಟ ದೇವರು ಕೊಟ್ಟದ್ದು, ಒಳ್ಳೆಯದು. ಸ್ವಲ್ಪ ಹೊತ್ತು ಬದಿಗಿಟ್ಟು ಕೊಟ್ಟವನ ಕಡೆ ತಿರುಗುತ್ತೇವೆ. ಭಾನುವಾರ ಪುನರುತ್ಥಾನದ ದಿನ, ಅವತ್ತು ಹಳೆಯ ಸಭೆ ಉಪವಾಸ ಇರುತ್ತಿರಲಿಲ್ಲ. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದವರೆಗೆ ಎಣಿಸಿದರೆ 46 ದಿನ ಬರುತ್ತದಲ್ಲ, ಆದರೂ ಈ ತಪಸ್ಸು ಕಾಲವನ್ನು 40 ದಿನ ಅನ್ನುತ್ತೇವೆ, ಯಾಕೆಂದರೆ ನಡುವಿನ 6 ಭಾನುವಾರ ಲೆಕ್ಕಕ್ಕಿಲ್ಲ.

ಯಾವ ದಿನ, ಎಷ್ಟು ಹೊತ್ತು

ಹೊಸಬರಿಗೆ ನನ್ನ ಸಲಹೆ: ಶುಕ್ರವಾರ, ಮಧ್ಯಾಹ್ನ 3 ಗಂಟೆವರೆಗೆ. ಗುರುವಾರ ರಾತ್ರಿ ಊಟ ಮಾಡಿ, ಶುಕ್ರವಾರ ತಿಂಡಿ ಮತ್ತು ಮಧ್ಯಾಹ್ನದ ಊಟ ಬಿಡಿ, 3ಕ್ಕೆ ಉಪವಾಸ ಬಿಡಿಸಿಕೊಳ್ಳಿ. ಈ ಲೆಕ್ಕ ನಾನು ಹುಟ್ಟಿಸಿದ್ದಲ್ಲ. ಬುಧವಾರ ಮತ್ತು ಶುಕ್ರವಾರ ಉಪವಾಸ ಇರುವ ಪದ್ಧತಿ ಅಪೊಸ್ತಲರ ಕಾಲಕ್ಕೆ ತೀರಾ ಹತ್ತಿರದ್ದು. ಬುಧವಾರ ಯೂದ ಹಿಡಿದುಕೊಡಲು ಒಪ್ಪಿದ ನೆನಪಿಗೆ, ಶುಕ್ರವಾರ ಶಿಲುಬೆಯ ನೆನಪಿಗೆ ಅಂತ ಹಿರಿಯರು ಹೇಳುತ್ತಿದ್ದರು. ಯೇಸುಸ್ವಾಮಿ ಪ್ರಾಣ ಬಿಟ್ಟದ್ದು ಮಧ್ಯಾಹ್ನ 3ರ ಹೊತ್ತಿಗೆ. 18ನೇ ಶತಮಾನದಲ್ಲಿ, ಮೆಥೊಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿ ಇದನ್ನೇ ಮತ್ತೆ ಹಿಡಿದು, ಬುಧವಾರ ಮತ್ತು ಶುಕ್ರವಾರ ಮಧ್ಯಾಹ್ನದವರೆಗೆ ಉಪವಾಸ ಇರಿ ಅಂತ ಮೆಥೊಡಿಸ್ಟರಿಗೆ ಕಲಿಸಿದರು. ಬೀದರ್, ಕೋಲಾರ ಕಡೆಯ ಮೆಥೊಡಿಸ್ಟ್ ಸಭೆಯವರು ಇದನ್ನು ತಮ್ಮದೇ ಮನೆಯ ಪದ್ಧತಿ ಅಂತ ಧಾರಾಳವಾಗಿ ಹಿಡಿಯಬಹುದು.

ಕಥೋಲಿಕರಿಗೆ ಕಟ್ಟುನಿಟ್ಟಾದ ನಿಯಮ ಇರುವುದು ಎರಡೇ ದಿನಕ್ಕೆ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಒಂದು ಪೂರ್ತಿ ಊಟ, ಜೊತೆಗೆ ಬೇಕಿದ್ದರೆ ಎರಡು ಸಲ ಚೂರು ತಿಂಡಿ. ನಮ್ಮ ಕಡೆ ಒಪ್ಪತ್ತು ಅಂತೀವಲ್ಲ, ಹೆಚ್ಚುಕಡಿಮೆ ಅದೇ. 18 ತುಂಬಿದವರಿಂದ 59 ತುಂಬುವವರೆಗೆ ಇದು ಅನ್ವಯ. ಮಾಂಸ ಬಿಡುವುದು 14 ತುಂಬಿದವರಿಂದ. ಪರಮಪ್ರಸಾದಕ್ಕೆ ಮೊದಲು 1 ಗಂಟೆ ಏನೂ ತಿನ್ನುವಂತಿಲ್ಲ, ನೀರು ಮತ್ತು ಔಷಧಿ ಪರವಾಗಿಲ್ಲ. ಆರ್ಥೊಡಾಕ್ಸ್ ಸಭೆಗಳಲ್ಲಿ, ಉಡುಪಿ ಹತ್ತಿರದ ಬ್ರಹ್ಮಾವರದವರೂ ಸೇರಿ, ಪದ್ಧತಿ ಬೇರೆ. ಅಲ್ಲಿ ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸದಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಎಲ್ಲ ಬಿಡುವುದು ಸಂಪ್ರದಾಯ, ಯೋನನ ಕಥೆಯ ನೆನಪಿಗೆ ಮೂರು ದಿನದ ನಿನೆವೆ ಉಪವಾಸವೂ ಇದೆ. ನಿಮ್ಮ ಸಭೆಗೆ ಒಂದು ಕ್ರಮ ಇದ್ದರೆ ಮೊದಲು ಅದನ್ನೇ ಹಿಡಿಯಿರಿ. ಎಲ್ಲರ ಜೊತೆ ಸೇರಿ ಮಾಡುವುದು ಒಬ್ಬರೇ ಮಾಡುವುದಕ್ಕಿಂತ ಸುಲಭ, ಅಹಂಕಾರವೂ ಕಮ್ಮಿ.

ಮೀನಿನ ಬಗ್ಗೆ ಕರಾವಳಿಯವರಿಗೆ ಒಂದು ಮಾತು. ಕಥೋಲಿಕ ನಿಯಮದ ಪ್ರಕಾರ ಶುಕ್ರವಾರ ಮೀನು ತಿನ್ನಬಹುದು, ನಿಜ. ಆದರೆ ಕೋಳಿ ಬಿಟ್ಟು ಅದರ ಎರಡರಷ್ಟು ಬೆಲೆಯ ಅಂಜಲ್ ತವಾ ಫ್ರೈ ಮಾಡಿಸಿಕೊಂಡರೆ ಏನನ್ನು ಬಿಟ್ಟ ಹಾಗಾಯ್ತು? ಅವತ್ತು ಗಂಜಿ ಚಟ್ನಿ ಸಾಕು.

ಕೆಲವರಂತೂ ಊಟ ಬಿಡಲೇಬಾರದು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್ ಥರದ ಸಕ್ಕರೆ ಇಳಿಸುವ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಒಂದು ಹೊತ್ತೂ ಬಿಡಬೇಡಿ. ಊಟ ಇಲ್ಲದೆ ಔಷಧಿ ಮಾತ್ರ ಹೊಟ್ಟೆಗೆ ಹೋದರೆ ಸಕ್ಕರೆ ತೀರಾ ಕೆಳಗಿಳಿದು ಪ್ರಜ್ಞೆ ತಪ್ಪಬಹುದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು, ಹೊಟ್ಟೆ ಹುಣ್ಣು ಇರುವವರು, ಕಿಡ್ನಿ ತೊಂದರೆ ಇರುವವರು, ಮೂರ್ಛೆ ರೋಗಕ್ಕೆ ಮಾತ್ರೆ ತಗೊಳ್ಳುವವರು, ತೂಕದ ಚಿಂತೆಯಲ್ಲಿ ಹಿಂದೆ ಊಟ ಬಿಟ್ಟು ಕಾಯಿಲೆ ಬಿದ್ದವರು, ಇವರೆಲ್ಲರಿಗೂ ಇದೇ ಮಾತು. ಬಿಪಿ ಮಾತ್ರೆ ಬಿಡಬೇಡಿ, ಮಾತ್ರೆ ನುಂಗಿದರೆ ಉಪವಾಸ ಮುರಿಯುವುದಿಲ್ಲ. ಬಿಸಿಲಲ್ಲಿ ಕೂಲಿ ಕೆಲಸ ಮಾಡುವವರು, ಗಾಡಿ ಓಡಿಸುವವರು ಕೆಲಸದ ದಿನ ಬರೀ ನೀರು ಕುಡಿದು ಇರುವ ಉಪವಾಸ ಹಿಡಿಯಬೇಡಿ.

ಇವರಿಗೆ ದಾನಿಯೇಲನ ದಾರಿ ಇದೆ. ದಾನಿಯೇಲ 10ರಲ್ಲಿ ಅವನು ಮೂರು ವಾರ ರುಚಿಯಾದ ತಿಂಡಿ, ಮಾಂಸ, ದ್ರಾಕ್ಷಾರಸ ಮುಟ್ಟುವುದಿಲ್ಲ. ಊಟ ಪೂರ್ತಿ ಬಿಟ್ಟ ಅಂತ ಅಲ್ಲಿಲ್ಲ. ಹಾಗೇ ನೀವು ಹೊತ್ತು ಹೊತ್ತಿಗೆ ಊಟ ಮಾಡಿ, ಆದರೆ ಸಿಹಿ, ಕರಿದದ್ದು, ಮಾಂಸ ಬಿಡಿ. ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ. ಇದು ಎರಡನೇ ದರ್ಜೆಯ ಉಪವಾಸ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಫೋನ್ ಉಪವಾಸ, ಟಿವಿ ಉಪವಾಸದ ಬಗ್ಗೆಯೂ ಕೇಳುತ್ತಾರೆ. ಊಟ ಬಿಡಲಾಗದವರಿಗೆ ಅದು ಒಳ್ಳೆಯದೇ. ಆರೋಗ್ಯವಾಗಿರುವವರು ಮಾತ್ರ ಅದನ್ನು ಊಟದ ಬದಲಿಗೆ ಇಟ್ಟುಕೊಳ್ಳದೆ ಊಟದ ಜೊತೆಗೆ ಬಿಡಿ. ಹಸಿವು ಕಲಿಸುವುದನ್ನು ಫೋನ್ ಕಲಿಸುವುದಿಲ್ಲ.

ನೀರೂ ಕುಡಿಯದ ಉಪವಾಸ ಬೇಡ. ಎಸ್ತೇರ್ ಮಾಡಿದಳು, ಹೌದು, ಅದು ಸಾವು ಬದುಕಿನ ಗಳಿಗೆ. ನಮ್ಮ ಏಪ್ರಿಲ್ ಬಿಸಿಲಿಗೆ ಅದು ಅಪಾಯ.

ಗುರುವಾರ ರಾತ್ರಿ, ಶುಕ್ರವಾರ ಹಗಲು

ನಾಳೆ ಊಟ ಇಲ್ಲ ಅಂತ ರಾತ್ರಿ ಬಿರಿಯಾನಿ ಹೊಡೆಯಬೇಡಿ. ಖಾರ, ಉಪ್ಪು ಜಾಸ್ತಿ ತಿಂದರೆ ಬೆಳಿಗ್ಗೆ ಬಾಯಾರಿಕೆ ಕೊಲ್ಲುತ್ತದೆ. ಮಾಮೂಲಿ ಊಟ ಮಾಡಿ, ನೀರು ಚೆನ್ನಾಗಿ ಕುಡಿದು ಬೇಗ ಮಲಗಿ. ಮಲಗುವ ಮುಂಚೆ ಒಂದು ಚೀಟಿಯಲ್ಲಿ ನಾಳೆ ಯಾರಿಗಾಗಿ ಪ್ರಾರ್ಥಿಸುತ್ತೀರಿ ಅಂತ ಬರೆಯಿರಿ. ಮೂರ್ನಾಲ್ಕು ಹೆಸರು ಸಾಕು, ಉದ್ದ ಪಟ್ಟಿ ಮಾಡಿದರೆ ಹಾಜರಿ ಕೂಗಿದ ಹಾಗಾಗುತ್ತದೆ. ಓದುವ ಭಾಗವನ್ನೂ ಈಗಲೇ ಗೊತ್ತು ಮಾಡಿಕೊಳ್ಳಿ, ಯಾಕೆಂದರೆ ಹಸಿದ ಹೊಟ್ಟೆಯಲ್ಲಿ ಪುಟ ತಿರುವುತ್ತಾ ಕೂತರೆ ಇದ್ದ ಹೊತ್ತೆಲ್ಲ ಅದಕ್ಕೇ ಹೋಗುತ್ತದೆ. ಬೆಳಿಗ್ಗೆಗೆ ಕೀರ್ತನೆ 63, ಮಧ್ಯಾಹ್ನಕ್ಕೆ ಲೂಕ 22 ಮತ್ತು 23, ಇಷ್ಟರಿಂದ ಶುರು ಮಾಡಿ.

ಈಗ ಕಾಫಿ. ದಿನಕ್ಕೆ ಮೂರ್ನಾಲ್ಕು ಲೋಟ ಕುಡಿಯುವವರು ಒಂದೇ ಸಲ ನಿಲ್ಲಿಸಿದರೆ ಕೊನೆಯ ಕಾಫಿ ಆದ 12ರಿಂದ 24 ಗಂಟೆಯೊಳಗೆ ತಲೆ ಸಿಡಿಯಲು ಶುರುವಾಗುತ್ತದೆ. ಅದು ಹಸಿವಿನ ತಲೆನೋವಲ್ಲ, ಕೆಫೀನ್ ಸಿಗದ ತಲೆನೋವು. ಹಾಗಾಗಿ ಮಂಗಳವಾರದಿಂದಲೇ ಒಂದೊಂದು ಲೋಟ ಕಮ್ಮಿ ಮಾಡುತ್ತಾ ಬನ್ನಿ. ಆಗಲಿಲ್ಲವಾ, ಬೆಳಿಗ್ಗೆ ಹಾಲು ಸಕ್ಕರೆ ಹಾಕದ ಅರ್ಧ ಲೋಟ ಡಿಕಾಕ್ಷನ್ ಕುಡಿದು ಮುಂದೆ ಹೋಗಿ. ಪ್ರಾರ್ಥನೆಗೆ ಕೂತು ಹಣೆ ಒತ್ತಿಕೊಳ್ಳುವುದಕ್ಕಿಂತ ಅದು ವಾಸಿ. ನಿಮ್ಮ ಸಭೆ ಬೇಡ ಅಂದಿದ್ದರೆ ಸಭೆಯ ಮಾತು ಕೇಳಿ.

ಬೆಳಿಗ್ಗೆ ತಿಂಡಿಯ ಹೊತ್ತಲ್ಲಿ ಅರ್ಧ ಗಂಟೆ ಪ್ರಾರ್ಥನೆಗೆ ಕೂರಿ. ಕೀರ್ತನೆ 63 ಗಟ್ಟಿಯಾಗಿ ಓದಿ, ಅದು ನೀರಿಲ್ಲದ ಒಣ ನೆಲದಲ್ಲಿ ಕೂತು ದೇವರಿಗಾಗಿ ಬಾಯಾರಿದವನ ಪ್ರಾರ್ಥನೆ. 10, 10:30ಕ್ಕೆ ಹೊಟ್ಟೆ ಚುರುಗುಟ್ಟುತ್ತದೆ. ಹೊಸಬರಿಗೆ ಹೆದರಿಕೆ, ಈಗಲೇ ಹೀಗಿದ್ದರೆ 3 ಗಂಟೆಗೆ ಏನು ಗತಿ ಅಂತ. ಹಸಿವು ಒಂದೇ ಸಮನೆ ಏರುತ್ತಾ ಹೋಗುವುದಿಲ್ಲ. ದಿನಾ ತಿನ್ನುವ ಹೊತ್ತಿಗೆ ಎದ್ದು, ಸ್ವಲ್ಪ ಹೊತ್ತು ಕಾಡಿ, ತಾನಾಗಿ ಇಳಿಯುತ್ತದೆ. ಒಂದು ಲೋಟ ನೀರು ಕುಡಿದು ಚೀಟಿಯಲ್ಲಿರುವ ಒಂದು ಹೆಸರನ್ನು ನೆನೆದು ಎರಡು ಮಾತು ಪ್ರಾರ್ಥಿಸಿ. ಹೊಟ್ಟೆ ಪ್ರತಿ ಸಲ ಕೂಗಿದಾಗಲೂ ಒಂದು ಹೆಸರು.

ಮಧ್ಯಾಹ್ನ 1 ಗಂಟೆ ಕಷ್ಟದ ಹೊತ್ತು. ಆಫೀಸಿನ ಪ್ಯಾಂಟ್ರಿಯಲ್ಲಿ ಡಬ್ಬಿಗಳು ತೆರೆಯುತ್ತವೆ, ಒಬ್ಬರ ಡಬ್ಬಿಯಲ್ಲಿ ಪುಳಿಯೋಗರೆ, ಇನ್ನೊಬ್ಬರದ್ದು ಮೈಕ್ರೋವೇವ್‌ನಲ್ಲಿ ಬಿಸಿಯಾಗುತ್ತಿರುವ ಹುಳಿ, ಇಂಗಿನ ಒಗ್ಗರಣೆ ವಾಸನೆ ನಿಮ್ಮ ಮೇಜಿನವರೆಗೂ ಬರುತ್ತದೆ. ಅಲ್ಲಿ ಕೂತು ಗಟ್ಟಿತನ ತೋರಿಸುವ ಅಗತ್ಯ ಇಲ್ಲ. ನೀರಿನ ಬಾಟಲಿ ಹಿಡಿದು ಎದ್ದು ಹೋಗಿ. ಹತ್ತಿರದಲ್ಲಿ ಬಾಗಿಲು ತೆರೆದಿರುವ ಚರ್ಚ್ ಇದ್ದರೆ ಪುಣ್ಯ, ಇಲ್ಲದಿದ್ದರೆ ಟೆರೇಸ್, ಮೆಟ್ಟಿಲು, ನಿಲ್ಲಿಸಿದ ಕಾರು. ಲೂಕನ ಆ ಎರಡು ಅಧ್ಯಾಯ ನಿಧಾನವಾಗಿ ಓದಿದರೂ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಉಳಿದ ಹೊತ್ತು ಸುಮ್ಮನೆ ಕೂರಿ. ಫೋನ್ ಬ್ಯಾಗಿನಲ್ಲೇ ಇರಲಿ, ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಊಟದ ಮುಕ್ಕಾಲು ಗಂಟೆಯನ್ನು ರೀಲ್ಸ್ ನುಂಗಿದರೆ ನೀವು ಉಪವಾಸ ಇದ್ದದ್ದು ಯಾರಿಗಾಗಿ?

ಹಸಿದಾಗ ಸಿಟ್ಟು ಬೇಗ ಬರುತ್ತದೆ. ಮಕ್ಕಳ ಮೇಲೆ, ಆಟೋದವರ ಮೇಲೆ, ಮನೆಗೆಲಸದವರ ಮೇಲೆ ರೇಗುತ್ತೇವೆ. ಯೆಶಾಯ ಹೇಳಿದ್ದು ಇದನ್ನೇ. ರೇಗಿದಿರಾ, ಆಗಲೇ ಕ್ಷಮೆ ಕೇಳಿ. ಒಳಗೆ ಏನು ತುಂಬಿದೆ ಅಂತ ಹೊಟ್ಟೆ ಖಾಲಿ ಇದ್ದಾಗಲೇ ಕಾಣುವುದು, ಅದನ್ನು ಹಾಗೇ ದೇವರ ಮುಂದೆ ಇಡಿ.

"ಊಟ ಆಯ್ತಾ?"

ನಮ್ಮ ಊರುಗಳಲ್ಲಿ ನಮಸ್ಕಾರದ ಬದಲು ಕೇಳುವ ಪ್ರಶ್ನೆಯೇ ಇದು. ಯೇಸುಸ್ವಾಮಿ ಹೇಳಿದ್ದು ಮುಖ ತೊಳೆದುಕೋ, ತಲೆಗೆ ಎಣ್ಣೆ ಹಚ್ಚಿಕೋ, ಉಪವಾಸ ಇದ್ದೀಯ ಅಂತ ಜನಕ್ಕೆ ಗೊತ್ತಾಗದಿರಲಿ ಅಂತ. ಹಾಗಾದರೆ ಆಯ್ತು ಅಂತ ಸುಳ್ಳು ಹೇಳಬೇಕಾ? ಬೇಡ. "ಇಲ್ಲ, ಆಮೇಲೆ ಮಾಡ್ತೀನಿ, ನಿಮ್ದಾಯ್ತಾ?" ಅನ್ನಿ. ಮಾತು ಅಲ್ಲಿಗೆ ಮುಗಿಯುತ್ತದೆ. ನೇರವಾಗಿ ಉಪವಾಸವಾ ಅಂತ ಕೇಳಿದರೆ ಹೌದು ಅನ್ನಿ, ವಿವರ ಬೇಡ. ಸಾಕ್ಷಿ ಹೇಳುವ ಹೊತ್ತಿನಲ್ಲಿ ನಾನು 21 ದಿನ ಉಪವಾಸ ಇದ್ದೆ ಅಂತ ಮೈಕ್ ಹಿಡಿದು ಹೇಳುವುದು, ಸ್ಟೇಟಸ್ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು, ತಲೆ ಸುತ್ತಿದರೆ ನೋಡಿಕೊಳ್ಳಲು.

ಮನೆಗೆ ನೆಂಟರು ಬಂದರೆ? ಅವರ ಜೊತೆ ಕೂತು ಊಟ ಮಾಡಿ. ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳು ಅತಿಥಿ ಬಂದಾಗ ತಾವೇ ಉಪವಾಸ ಬಿಡುತ್ತಿದ್ದರು ಅಂತ 5ನೇ ಶತಮಾನದ ಜಾನ್ ಕಾಸಿಯನ್ ಅನ್ನುವ ಸನ್ಯಾಸಿ ಬರೆದಿದ್ದಾರೆ. ಉಪವಾಸ ಯಾವಾಗಲೂ ನನ್ನ ಜೊತೆ ಇರುತ್ತದೆ, ನೀವು ಇವತ್ತು ಬಂದು ನಾಳೆ ಹೋಗುವವರು ಅನ್ನುವುದು ಅವರ ಲೆಕ್ಕ.

ಅಡುಗೆ ಮನೆಯ ವಿಷಯ ಗಂಡಸರಿಗೆ ಹೇಳಲೇಬೇಕು. ನೀವು ಉಪವಾಸ ಇದ್ದು ಕೋಣೆ ಬಾಗಿಲು ಹಾಕಿಕೊಂಡಿರಿ, ಹೆಂಡತಿ ತಾನೂ ಉಪವಾಸ ಇದ್ದುಕೊಂಡು ಮಕ್ಕಳಿಗೆ, ಅತ್ತೆ ಮಾವನಿಗೆ ಮೂರು ಹೊತ್ತು ಬೇಯಿಸಿ, ಸಂಜೆ ನಿಮಗೆ ಬಿಸಿ ಗಂಜಿ ಮಾಡಿ ಕೊಡಬೇಕು ಅಂದರೆ ಅದೆಂಥಾ ನ್ಯಾಯ? ಆ ದಿನದ ಪಾತ್ರೆ ನೀವು ತೊಳೆಯಿರಿ, ಮಕ್ಕಳ ಡಬ್ಬಿ ನೀವು ಕಟ್ಟಿ. ಅವರಿಗೂ ಒಂದರ್ಧ ಗಂಟೆ ಬಾಗಿಲು ಹಾಕಿಕೊಂಡು ಕೂರಲು ಸಿಗಲಿ. ಮನೆಗೆಲಸಕ್ಕೆ ಬರುವವರಿಗೆ ಸಂಬಳ ಹಿಡಿಯದೆ ಒಂದು ಹೊತ್ತು ರಜೆ ಕೊಡಿ.

ಉಳಿದ ದುಡ್ಡು

2ನೇ ಶತಮಾನದಲ್ಲಿ ರೋಮಿನ ಕ್ರೈಸ್ತರಿಗೆ ಒಂದು ಸರಳ ಕ್ರಮ ಹೇಳಿಕೊಟ್ಟಿದ್ದರು: ಉಪವಾಸದ ದಿನ ರೊಟ್ಟಿ ನೀರು ಮಾತ್ರ ತಗೋ, ಅವತ್ತು ತಿನ್ನಬೇಕಿದ್ದ ಊಟಕ್ಕೆ ಎಷ್ಟಾಗುತ್ತಿತ್ತು ಅಂತ ಲೆಕ್ಕ ಹಾಕು, ಅಷ್ಟನ್ನು ವಿಧವೆಗೋ ಅನಾಥರಿಗೋ ಬಡವರಿಗೋ ಕೊಡು. ಇವತ್ತಿಗೂ ಇದಕ್ಕಿಂತ ಒಳ್ಳೆಯ ಕ್ರಮ ಬೇಕಿಲ್ಲ.

ಲೆಕ್ಕ ನಿಜವಾಗಿ ಹಾಕಿ, ಅಂದಾಜಿನಲ್ಲಿ ಬಿಡಬೇಡಿ. ದರ್ಶಿನಿಯಲ್ಲಿ ಬೆಳಗಿನ ಇಡ್ಲಿ ವಡೆ, ಕಾಫಿ, ಮಧ್ಯಾಹ್ನದ ಊಟ ಸೇರಿ 200 ರೂಪಾಯಿ ಅಂದುಕೊಳ್ಳಿ. ನಾಲ್ಕು ಶುಕ್ರವಾರಕ್ಕೆ 800. ಅಷ್ಟರಲ್ಲಿ ಒಂದು ಮನೆಗೆ ಕೆಲವು ದಿನಕ್ಕಾಗುವಷ್ಟು ಅಕ್ಕಿ, ಬೇಳೆ, ಎಣ್ಣೆ ಬರುತ್ತದೆ. ದುಡ್ಡನ್ನು ಅದೇ ದಿನ ಬೇರೆ ಲಕೋಟೆಯಲ್ಲಿ ತೆಗೆದಿಡಿ, ಅಕೌಂಟಿನಲ್ಲೇ ಬಿಟ್ಟರೆ ಬೇರೆ ಖರ್ಚಿನಲ್ಲಿ ಕರಗಿಹೋಗುತ್ತದೆ. ತಪಸ್ಸು ಕಾಲದಲ್ಲಿ ಚರ್ಚುಗಳಲ್ಲಿ ಬಡವರಿಗಾಗಿ ಕಾಣಿಕೆ ಎತ್ತುತ್ತಾರೆ, ಅಲ್ಲಿಗೆ ಹಾಕಬಹುದು. ನನ್ನ ಕೇಳಿದರೆ ಪರಿಚಯದ ಒಂದು ಮನೆಗೆ ನೀವೇ ಹೋಗಿ ಕೊಡುವುದು ಇನ್ನೂ ಒಳ್ಳೆಯದು, ಆ ಮನೆಯವರ ಹೆಸರು ಮುಂದಿನ ಶುಕ್ರವಾರದ ಚೀಟಿಗೆ ಬರುತ್ತದೆ. ಮಕ್ಕಳು ಊಟ ಬಿಡುವುದು ಬೇಡ. ಅವರು ಚಾಕೊಲೇಟ್ ದುಡ್ಡನ್ನು ಡಬ್ಬಿಗೆ ಹಾಕಲಿ, ಕೊಡಲು ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ.

ಬಿಡಿಸುವುದು

3 ಗಂಟೆಗೆ ಕರ್ತನ ಪ್ರಾರ್ಥನೆ ಹೇಳಿ, ದಿನದ ಅನ್ನಕ್ಕಾಗಿ ಬೇಡುವ ಸಾಲು ಬಂದಾಗ ಸ್ವಲ್ಪ ನಿಲ್ಲಿ. ಆಮೇಲೆ ಒಂದು ಬಾಳೆಹಣ್ಣು, ಇಲ್ಲವೇ ಗಂಜಿ, ರಾಗಿ ಅಂಬಲಿ, ಎಳನೀರು, ಮಜ್ಜಿಗೆ. ರಾತ್ರಿ ಮಾಮೂಲಿ ಊಟ. ಬೋಂಡಾ ಬಜ್ಜಿಯಿಂದ ಬಿಡಿಸಿದರೆ ರಾತ್ರಿಯಿಡೀ ಎದೆ ಉರಿ.

ನಡುವೆ ಕೈಕಾಲು ನಡುಗಿ, ತಣ್ಣಗೆ ಬೆವರಿ, ಮಾತು ತಡವರಿಸಿದರೆ ಗಡಿಯಾರ ನೋಡುತ್ತಾ ಕೂರಬೇಡಿ. ಆ ಕ್ಷಣವೇ ಸಕ್ಕರೆ ನೀರೋ ಹಣ್ಣಿನ ರಸವೋ ಕುಡಿಯಿರಿ, ಸುಧಾರಿಸದಿದ್ದರೆ ಆಸ್ಪತ್ರೆಗೆ ಹೋಗಿ. 12 ಗಂಟೆಗೇ ಬಿಡಬೇಕಾಗಿ ಬಂತು ಅಂದರೆ ತಿಂದು, 3 ಗಂಟೆಯ ಪ್ರಾರ್ಥನೆಗೆ ಹೇಗೂ ಕೂರಿ, ಲಕೋಟೆಗೆ ಪೂರ್ತಿ ದುಡ್ಡೇ ಹಾಕಿ.

ಕೆಲವು ತಿಂಗಳು ಹೀಗೆ ನಡೆಸಿದ ಮೇಲೆ, ದೇಹ ಒಗ್ಗಿದ್ದರೆ, ಗುರುವಾರ ರಾತ್ರಿಯಿಂದ ಶುಕ್ರವಾರ ರಾತ್ರಿವರೆಗೆ 24 ಗಂಟೆ ಮಾಡಬಹುದು. ಅದಕ್ಕಿಂತ ಉದ್ದದ್ದು ಹೆಚ್ಚಿನವರಿಗೆ ಬೇಡ. ಮೋಶೆ, ಎಲೀಯ, ಯೇಸುಸ್ವಾಮಿ 40 ದಿನ ಇದ್ದರು ಅಂತ ನಾವೂ ನೀರು ಕುಡಿದು 40 ದಿನ ಇರಬೇಕು ಅಂತ ಸತ್ಯವೇದ ಯಾರಿಗೂ ಅಪ್ಪಣೆ ಕೊಟ್ಟಿಲ್ಲ. ನಾಲ್ಕೈದು ದಿನಕ್ಕಿಂತ ಜಾಸ್ತಿ ಏನೂ ತಿನ್ನದೆ ಇದ್ದವರು ಒಮ್ಮೆಲೇ ಹೊಟ್ಟೆ ತುಂಬ ಉಂಡರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ದಿಢೀರ್ ಕುಸಿದು ಹೃದಯದ ಬಡಿತ ಏರುಪೇರಾಗಬಹುದು, ಪ್ರಾಣವೂ ಹೋಗಬಹುದು. ಅಷ್ಟು ಉದ್ದದ ಉಪವಾಸಕ್ಕೆ ಇಳಿಯುವ ಮನಸ್ಸಿದ್ದರೆ ಶುರು ಮಾಡುವ ಮುಂಚೆಯೇ ಡಾಕ್ಟರ ಹತ್ತಿರ ಹೋಗಿ, ನಡುವೆ ರಕ್ತ ಪರೀಕ್ಷೆ ಮಾಡಿಸಿ, ಬಿಡಿಸುವುದನ್ನೂ ಅವರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವಾಗಿಯೇ ಮಾಡಿ. ಡಾಕ್ಟರ ಹತ್ತಿರ ಹೋಗುವುದು ನಂಬಿಕೆ ಇಲ್ಲದವರ ಕೆಲಸ ಅಂತ ಯಾವ ಪಾಸ್ಟರ್ ಹೇಳಿದರೂ ಆ ಒಂದು ವಿಷಯದಲ್ಲಿ ಅವರ ಮಾತು ಕೇಳಬೇಡಿ.